ಹಾವು ಕಚ್ಚಿದರೆ ವಾಂತಿ, ಬೇಧಿ ಮಾಡಿಸಬೇಕಾ? ಓದುಗರ ಪ್ರಶ್ನೆ, ವೈದ್ಯೆಯ ಉತ್ತರ

ಮಳೆ ಹಿಡಿದ ಮೇಲೆ ಬಂದ ಪತ್ರಗಳಲ್ಲಿ ಹಾವು, ಜಿಗಣೆ, ಚೇಳಿನದ್ದೇ ಜಾಸ್ತಿ. ಹಾಗಾಗಿ ಮಂಡಿನೋವಿನವರು, ಗ್ಯಾಸ್ಟ್ರಿಕ್‌ನವರು ಮುಂದಿನ ಸಂಚಿಕೆವರೆಗೆ ಸ್ವಲ್ಪ ತಡೆದುಕೊಳ್ಳಬೇಕು. ಹೊಸ ಓದುಗರಿಗೆ ಒಂದು ಮಾತು: ನಾನು ವಿರಾಜಪೇಟೆಯಲ್ಲಿ ಆಯುರ್ವೇದ ಪ್ರಾಕ್ಟೀಸ್ ಮಾಡುವವಳು. ವಾಂತಿ, ಬೇಧಿಯಂಥ ಕ್ರಮಗಳಿಂದ ಮೈ ಶುದ್ಧಿ ಮಾಡುವ ಪಂಚಕರ್ಮದಿಂದಲೇ ನನ್ನ ಮನೆ ನಡೆಯುವುದು. ಅಂಥವಳು ‘ಇಲ್ಲಿ ಪಂಚಕರ್ಮ ಬೇಡ’ ಅಂದರೆ ಅದರಲ್ಲಿ ನನಗೇನೂ ಲಾಭ ಇಲ್ಲ ಅನ್ನೋದನ್ನು ಗಮನದಲ್ಲಿಡಿ.

ಪ್ರಶ್ನೆ: ನಮ್ಮ ತೋಟದಲ್ಲಿ ಕಾಡು ಕಡಿಯುವಾಗ ಕೆಲಸದವನ ಕಾಲಿಗೆ ಕೊಳಕುಮಂಡಲ ಕಚ್ಚಿತು. ಜೀಪಿನಲ್ಲಿ ಮಡಿಕೇರಿಗೆ ಸಾಗಿಸಿದೆವು. ಬದುಕಿದ. ಆದರೆ ನಮ್ಮ ಮಾವನವರು ಈಗಲೂ ಬೈಯುತ್ತಾರೆ. ‘ಆಯುರ್ವೇದದಲ್ಲಿ ವಾಂತಿ, ಬೇಧಿ ಮಾಡಿಸಿ, ರಕ್ತ ತೆಗೆದು ನಂಜು ಹೊರಗೆ ಹಾಕುವ ಕ್ರಮ ಇದೆ, ಚರಕನೇ ಬರೆದಿದ್ದಾನೆ, ನೀವು ಸುಮ್ನೆ ಆಸ್ಪತ್ರೆಗೆ ಓಡಿದಿರಿ’ ಅಂತ. ಯಾರು ಸರಿ ಡಾಕ್ಟ್ರೇ?
— ಕಾಫಿ ಬೆಳೆಗಾರರು, ನಾಪೋಕ್ಲು

ನಿಮ್ಮ ಮಾವನವರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೂ ನೀವು ಮಾಡಿದ್ದೇ ಸರಿ.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದ 23ನೇ ಅಧ್ಯಾಯ ಪೂರ್ತಿ ವಿಷ ಚಿಕಿತ್ಸೆಯೇ. ಅಲ್ಲಿ 24 ಕ್ರಮಗಳ ಪಟ್ಟಿ ಇದೆ. ಮಂತ್ರ, ಕಚ್ಚಿದ ಜಾಗದ ಮೇಲೆ ಕಟ್ಟುವುದು, ಕೊಯ್ಯುವುದು, ಹಿಂಡುವುದು, ಹೀರುವುದು, ಸುಡುವುದು, ರಕ್ತ ತೆಗೆಯುವುದು, ವಮನ ಅಂದರೆ ವಾಂತಿ ಮಾಡಿಸುವುದು, ವಿರೇಚನ ಅಂದರೆ ಬೇಧಿ ಮಾಡಿಸುವುದು, ಮೂಗಿಗೆ ನಸ್ಯ, ಕಣ್ಣಿಗೆ ಅಂಜನ, ಲೇಪ, ಹೀಗೆ ಸಾಗುತ್ತದೆ. ಸುಶ್ರುತ ಇನ್ನೂ ಆಳಕ್ಕೆ ಇಳಿಯುತ್ತಾನೆ. ವಿಷ ಏಳು ವೇಗಗಳಲ್ಲಿ, ಅಂದರೆ ಹಂತಗಳಲ್ಲಿ ಏರುತ್ತದೆ, ಯಾವ ವೇಗದಲ್ಲಿ ಏನು ಮಾಡಬೇಕು ಅಂತ ಹಾವಿನ ಜಾತಿಗೆ ತಕ್ಕಂತೆ ಬೇರೆ ಬೇರೆ ಹೇಳುತ್ತಾನೆ. ಹೆಡೆ ಇರುವುದು ದರ್ವೀಕರ, ಮೈಮೇಲೆ ಮಂಡಲ ಇರುವುದು ಮಂಡಲಿ, ಪಟ್ಟೆ ಇರುವುದು ರಾಜಿಮಂತ. ನಮ್ಮ ನಾಗರ, ಕೊಳಕುಮಂಡಲ, ಕಟ್ಟುಹಾವು ಈ ಮೂರರೊಳಗೆ ಕೂರುತ್ತವೆ. ಮಂಡಲಿ ಕಚ್ಚಿದರೆ ಉರಿ, ಊತ, ರಕ್ತ ಕೆಡುವುದು ಅಂತ ಬರೆದಿದ್ದಾನೆ. ಇವತ್ತು ವಾರ್ಡಿನಲ್ಲಿ ನಿಂತು ನೋಡಿದರೂ ಅದೇ ಕಾಣುತ್ತದೆ.

ಆದರೆ ಆ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ರಕ್ತದಲ್ಲಿ ಬೆರೆತು ಓಡಾಡುವ ವಿಷವನ್ನು ಅಲ್ಲೇ ಹಿಡಿದು ಕಟ್ಟಿಹಾಕುವ ಮದ್ದು ಯಾರ ಕೈಯಲ್ಲೂ ಇರಲಿಲ್ಲ. ಈಗ ಇದೆ. ತಮಿಳುನಾಡಿನ ಇರುಳರ ಸಹಕಾರ ಸಂಘದವರು ಹಾವು ಹಿಡಿದು ವಿಷ ತೆಗೆದು ಕೊಡುತ್ತಾರೆ. ಅದನ್ನು ಸ್ವಲ್ಪ ಸ್ವಲ್ಪವೇ ಕುದುರೆಗೆ ಚುಚ್ಚಿ, ಕುದುರೆಯ ರಕ್ತದಲ್ಲಿ ಅದರ ವಿರುದ್ಧ ಹುಟ್ಟಿದ ಅಂಶವನ್ನು ಬೇರ್ಪಡಿಸಿ ಆ್ಯಂಟಿವೆನಮ್ ಮಾಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ, ಈ ನಾಲ್ಕಕ್ಕೂ ಒಂದೇ ಚುಚ್ಚುಮದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಕೊಡಬೇಕಿಲ್ಲ. ಚರಕನ ಪಟ್ಟಿಯಲ್ಲಿ ‘ಪ್ರತಿವಿಷ’ ಅಂತ ಒಂದು ಕ್ರಮ ಇದೆ, ಇದು ಅದೇ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಅಲ್ಲ. ಅಲ್ಲಿ ಹೇಳಿರುವುದು ಪ್ರಾಣಿಯ ವಿಷಕ್ಕೆ ಬೇರಿನ ವಿಷ, ಬೇರಿನ ವಿಷಕ್ಕೆ ಪ್ರಾಣಿಯ ವಿಷ ಕೊಡುವ ಮಾತು. ಅದನ್ನು ಮನೆಯಲ್ಲಿ ಯಾರೂ ಪ್ರಯೋಗ ಮಾಡಬೇಡಿ.

ಇನ್ನು ಶೋಧನಕ್ಕೆ, ಅಂದರೆ ವಾಂತಿ, ಬೇಧಿ ಮಾಡಿಸಿ, ರಕ್ತ ತೆಗೆದು ಮೈ ಶುದ್ಧಿ ಮಾಡುವ ಕ್ರಮಗಳಿಗೆ ಬರೋಣ. ವಾಂತಿಯಲ್ಲಿ ಬರುವುದು ಜಠರದಲ್ಲಿ ಇದ್ದದ್ದು. ಬೇಧಿಯಲ್ಲಿ ಹೋಗುವುದು ಕರುಳಿನಲ್ಲಿ ಇದ್ದದ್ದು. ಹಾವಿನ ವಿಷ ಎರಡೂ ಕಡೆ ಇರುವುದಿಲ್ಲ. ಮಾಂಸಕ್ಕೆ ಇಳಿದು, ಅಲ್ಲಿಂದ ರಕ್ತಕ್ಕೆ ಹೋಗಿರುತ್ತದೆ. ಉಪಯೋಗ ಇಲ್ಲ ಅನ್ನುವುದಷ್ಟೇ ಆಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಒಂದೊಂದು ಶೋಧನವೂ ಒಂದೊಂದು ಹಾವಿನ ವಿಷಕ್ಕೆ ಸಹಾಯ ಮಾಡಿದ ಹಾಗೆ ಆಗುತ್ತದೆ, ತೊಂದರೆ ಅದು.

ನಾಗರ, ಕಟ್ಟುಹಾವಿನ ವಿಷ ನರಗಳಿಗೆ ಹೊಡೆಯುತ್ತದೆ. ಮೊದಲು ಕಣ್ಣಿನ ರೆಪ್ಪೆ ಜೋಲುತ್ತದೆ, ಆಮೇಲೆ ಮಾತು ತೊದಲುತ್ತದೆ, ಎಂಜಲು ನುಂಗಲು ಆಗುವುದಿಲ್ಲ. ಎಂಜಲನ್ನೇ ನುಂಗಲಾಗದವನಿಗೆ ಕಷಾಯ ಕುಡಿಸಿ ವಾಂತಿ ಮಾಡಿಸಿದರೆ ಅದು ಸೀದಾ ಶ್ವಾಸಕೋಶಕ್ಕೆ ಇಳಿಯುತ್ತದೆ. ತೋಟದ ಕೆಲಸದವರ ಲೈನ್ ಮನೆಗಳಲ್ಲಿ ನೆಲದ ಮೇಲೆ ಮಲಗಿದವರಿಗೆ ರಾತ್ರಿ ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗೊತ್ತೇ ಆಗುವುದಿಲ್ಲ. ನೋವೂ ಇಲ್ಲ, ಊತವೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತ ಏಳುತ್ತಾರೆ. ಮನೆಯವರು ಅಜೀರ್ಣ ಅಂದುಕೊಂಡು ಕಷಾಯ ಕೊಡುತ್ತಾರೆ. ಮಳೆಗಾಲದಲ್ಲಿ ಬೆಳಗಿನ ಜಾವ ಹೊಟ್ಟೆನೋವು, ಜೊತೆಗೆ ರೆಪ್ಪೆ ಎತ್ತಲಾಗುತ್ತಿಲ್ಲ ಅಂದರೆ ಅದನ್ನು ಹಾವು ಅಂತಲೇ ತಿಳಿದು ಹೊರಡಿ. ಅವರಿಗೆ ಬೇಕಾಗುವುದು ವೆಂಟಿಲೇಟರ್ ಇರುವ ಆಸ್ಪತ್ರೆ.

ಕೊಳಕುಮಂಡಲದ್ದು ಬೇರೆ ಕಥೆ. ಅದರ ವಿಷ ರಕ್ತ ಹೆಪ್ಪುಗಟ್ಟುವ ಗುಣವನ್ನೇ ತೆಗೆದುಬಿಡುತ್ತದೆ. ಆಸ್ಪತ್ರೆಯಲ್ಲಿ ಇದಕ್ಕೆ ಒಂದು ಸರಳ ಪರೀಕ್ಷೆ ಇದೆ. ನಿಮ್ಮ ಕೆಲಸದವನಿಗೂ ಮಾಡಿರುತ್ತಾರೆ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ 2 ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಬಿಡುತ್ತಾರೆ. ಆಮೇಲೆ ಒಂದೇ ಒಂದು ಸಲ ಬಾಗಿಸುತ್ತಾರೆ. ಸರಿಯಾದ ರಕ್ತವಾದರೆ ಗಟ್ಟಿಯಾಗಿ ತಳದಲ್ಲೇ ಕೂತಿರುತ್ತದೆ. ವಿಷ ಏರಿದ್ದರೆ ನೀರಿನ ಹಾಗೆ ಗಾಜಿನ ಮೇಲೆ ಹರಿದುಬರುತ್ತದೆ. ಆ ಹರಿಯುವ ರಕ್ತದವನ ಕಾಲನ್ನು ಕೊಯ್ದು ರಕ್ತಮೋಕ್ಷಣ ಮಾಡಿದರೆ ನಿಲ್ಲಿಸುವವರು ಯಾರು? ಜೊತೆಗೆ ಈ ವಿಷ ರಕ್ತದೊತ್ತಡ ಇಳಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ. ಅದರ ಮೇಲೆ ಬೇಧಿ ಮಾಡಿಸಿ ಮೈಯ ನೀರು ಇಳಿಸಿದರೆ ಮೂತ್ರಪಿಂಡಕ್ಕೆ ಎರಡನೇ ಏಟು.

ಮಾವನವರು ಗ್ರಂಥದ ಮಾತನ್ನೇ ಕೇಳುವವರಾದರೆ ಎರಡು ಸಂಗತಿ ಹೇಳಿ. ಮಂಡಲಿ ಹಾವು ಕಚ್ಚಿದ ಜಾಗವನ್ನು ಏನೇ ಆದರೂ ಸುಡಬಾರದು, ಸುಟ್ಟರೆ ವಿಷ ಹರಡುತ್ತದೆ ಎಂದು ಸುಶ್ರುತನೇ ಎಚ್ಚರಿಸಿದ್ದಾನೆ. ಗರ್ಭಿಣಿ, ಮಕ್ಕಳು, ಮುದುಕರಿಗೆ ವಿಷದ ಸಂದರ್ಭದಲ್ಲಿಯೂ ರಕ್ತನಾಳ ಚುಚ್ಚಬಾರದು ಎಂದಿದ್ದಾನೆ. ಅಂದರೆ ಎಲ್ಲರಿಗೂ ಎಲ್ಲ ಶೋಧನ ಅಂತ ಅವನೂ ಹೇಳಲಿಲ್ಲ. ಅವನ ಕೈಗೆ ಆ ಗಾಜಿನ ಟ್ಯೂಬು ಸಿಕ್ಕಿದ್ದರೆ ಇನ್ನೆಷ್ಟು ಸಾಲು ಬದಲಾಯಿಸುತ್ತಿದ್ದನೋ!

ಕಚ್ಚಿದ ಮೇಲೆ ಮನೆಯಲ್ಲಿ ಮಾಡಬೇಕಾದ್ದು ಬಹಳ ಕಡಿಮೆ. ಕಚ್ಚಿಸಿಕೊಂಡವರನ್ನು ಓಡಿಸಬೇಡಿ, ನಡೆಸಬೇಡಿ. ಉಂಗುರ, ಬಳೆ, ಕಾಲುಗೆಜ್ಜೆ ತೆಗೆಯಿರಿ, ಊದಿದ ಮೇಲೆ ಬರುವುದಿಲ್ಲ. ಕಾಲು ಅಥವಾ ಕೈಗೆ ಒಂದು ಪಟ್ಟಿ ಮರ ಇಟ್ಟು ಮುರಿದ ಮೂಳೆಗೆ ಕಟ್ಟುವ ಹಾಗೆ ಸಡಿಲವಾಗಿ ಕಟ್ಟಿ, ಅಲುಗದಂತೆ ನೋಡಿಕೊಳ್ಳಿ. ಬಿಗಿಯಾಗಿ ಹಗ್ಗ ಬಿಗಿಯುವುದು ಬೇಡ. ಯಾರಾದರೂ ಆಗಲೇ ಬಿಗಿದಿದ್ದರೆ ದಾರಿಯಲ್ಲಿ ಬಿಚ್ಚಬೇಡಿ, ಆಸ್ಪತ್ರೆಯವರೇ ನೋಡಿಕೊಂಡು ಬಿಚ್ಚಲಿ. ಎಷ್ಟು ಹೊತ್ತಿಗೆ ಕಚ್ಚಿತು ಅಂತ ಬರೆದಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿ. ಮರ ಬಿದ್ದು ರಸ್ತೆ ಬಂದ್ ಆಗಿದೆ, ನೆಟ್‌ವರ್ಕ್ ಇಲ್ಲ ಅಂದರೆ ಸಿಕ್ಕಿದ ಜೀಪು. ಹಾವನ್ನು ಹುಡುಕಿಕೊಂಡು ಕಾಫಿ ಗಿಡದ ಬುಡಕ್ಕೆ ಕೋಲು ಹಾಕುವುದು ಬೇಡ. ಅಲ್ಲಿ ಎರಡನೆಯವನಿಗೂ ಕಚ್ಚುತ್ತದೆ.

ಬೆಳೆಗಾರರಿಗೆ ಇನ್ನೊಂದು ವಿಷಯ. ತರಗೆಲೆಯ ಬಣ್ಣದ, ಮೂಗಿನ ತುದಿ ಮೇಲೆದ್ದ ಸಣ್ಣ ಗುಳಿಮಂಡಲ ನಮ್ಮ ತೋಟಗಳಲ್ಲಿ ಇದೆ. ಮೆಣಸಿನ ಬಳ್ಳಿಯಲ್ಲಿ ಹಸಿರು ಗುಳಿಮಂಡಲ ಇರುತ್ತದೆ, ಏಣಿ ಹತ್ತಿದವರ ಕೈಗೇ ಕಚ್ಚುವುದು. ಈಗಿನ ಆ್ಯಂಟಿವೆನಮ್ ತಯಾರಿಕೆಯಲ್ಲಿ ಈ ಗುಳಿಮಂಡಲಗಳ ವಿಷ ಸೇರಿಲ್ಲ. ಕಾಳಿಂಗದ್ದೂ ಇಲ್ಲ. ‘ಹಾಗಾದರೆ ಆಸ್ಪತ್ರೆ ಯಾಕೆ, ನಾಟಿ ಮದ್ದೇ ಸಾಕಲ್ಲ’ ಅನ್ನುವವರಿದ್ದಾರೆ. ಆ ಮೂಗು ಎದ್ದ ಸಣ್ಣ ಹಾವು ಕಚ್ಚಿ ಮೂತ್ರಪಿಂಡ ನಿಂತುಹೋದವರಿದ್ದಾರೆ. ಡಯಾಲಿಸಿಸ್ ಯಂತ್ರ ನಾಟಿ ವೈದ್ಯರ ಹತ್ತಿರ ಇಲ್ಲ, ನನ್ನ ಹತ್ತಿರವೂ ಇಲ್ಲ.

ಪ್ರಶ್ನೆ: ನಮ್ಮೂರಿನ ಹತ್ತಿರ ವಿಷದ ಕಲ್ಲು ಇಟ್ಟು, ಬೇರು ಅರೆದು ಕುಡಿಸುವ ಅಜ್ಜ ಒಬ್ಬರಿದ್ದಾರೆ. ಅವರ ಹತ್ತಿರ ಹೋದವರಲ್ಲಿ ಬಹಳ ಜನ ಬದುಕಿದ್ದನ್ನು ನಾನೇ ನೋಡಿದ್ದೇನೆ. ದುಡ್ಡನ್ನೂ ತೆಗೆದುಕೊಳ್ಳುವುದಿಲ್ಲ. ನಿಮ್ಮಂಥ ಓದಿದ ವೈದ್ಯರು ಇಂಥವರನ್ನು ಯಾಕೆ ತಳ್ಳಿಹಾಕುತ್ತೀರಿ?
— ನಿವೃತ್ತ ಶಿಕ್ಷಕರು, ಸೋಮವಾರಪೇಟೆ ತಾಲೂಕು

ಮೇಷ್ಟ್ರೇ, ಅಜ್ಜನ ಮನಸ್ಸು ಒಳ್ಳೆಯದು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನೀವು ನೋಡಿದ್ದೂ ನಿಜ. ಕಾರಣ ಮಾತ್ರ ಬೇರೆ. ನಮ್ಮ ಸುತ್ತ ಇರುವ ಹಾವುಗಳಲ್ಲಿ ಜಾಸ್ತಿ ವಿಷವಿಲ್ಲದವು. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಬರೀ ಹಲ್ಲು ಊರಿ ಹೋಗುತ್ತದೆ. ಸುಶ್ರುತ ಇದನ್ನು ಬೇರೆ ಬೇರೆ ಮಾಡಿಯೇ ಹೇಳಿದ್ದಾನೆ: ಆಳಕ್ಕೆ ನಾಟಿದ್ದು ಸರ್ಪಿತ, ಮೇಲೆ ಗೀರಿದ್ದು ರದಿತ, ಇನ್ನೊಂದು ನಿರ್ವಿಷ. ಚರಕ ಇನ್ನೂ ಮುಂದೆ ಹೋಗಿ ಶಂಕಾವಿಷ ಅನ್ನುತ್ತಾನೆ. ಕತ್ತಲಲ್ಲಿ ಏನೋ ಚುಚ್ಚಿತು, ಹಾವೇ ಇರಬೇಕು ಅಂತ ಹೆದರಿದವನಿಗೆ ಜ್ವರ, ವಾಂತಿ, ಮೂರ್ಛೆ ಬರುತ್ತದೆ. ಅಂಥವನಿಗೆ ಧೈರ್ಯ ಹೇಳುವುದೂ ಚಿಕಿತ್ಸೆಯ ಭಾಗ ಅಂತಾನೆ. ಅಜ್ಜ ಧೈರ್ಯ ಹೇಳುವುದರಲ್ಲಿ ನನಗಿಂತ ಗಟ್ಟಿ ಇರಬಹುದು.

ವಿಷದ ಕಲ್ಲು ಅನ್ನುವುದು ಸಾಮಾನ್ಯವಾಗಿ ಸುಟ್ಟ ಮೂಳೆ. ಸಣ್ಣ ತೂತುಗಳಿರುವುದರಿಂದ ಹಸಿ ಗಾಯಕ್ಕೆ ಅಂಟಿಕೊಳ್ಳುತ್ತದೆ, ತುಂಬಿದ ಮೇಲೆ ಬೀಳುತ್ತದೆ. ವಿಷ ಇಲ್ಲದ ಗಾಯಕ್ಕೂ ಹಾಗೇ ಅಂಟುತ್ತದೆ. ಬೇಕಿದ್ದರೆ ಕೈಗೆ ಸಣ್ಣ ಗೀರು ಮಾಡಿಕೊಂಡು ನೋಡಿ.

ಕಲ್ಲಿನಿಂದ ಕೇಡಿಲ್ಲ, ಹೊತ್ತು ಹಾಳಾಗುತ್ತದೆ ಅಷ್ಟೆ. ಆ ಹೊತ್ತೂ ಮುಖ್ಯವೇ ಅನ್ನಿ. ಬೇರಿನ ವಿಷಯದಲ್ಲಿ ನನಗೆ ಜಾಸ್ತಿ ಭಯ. ಹಾವು ಕಡಿತಕ್ಕೆ ಕೊಡುವ ಬೇರುಗಳಲ್ಲಿ ಈಶ್ವರಿ ಬಳ್ಳಿಯದು ಪ್ರಸಿದ್ಧ. ಅದರಲ್ಲಿ ಅರಿಸ್ಟೊಲೋಕಿಕ್ ಆಮ್ಲ ಅನ್ನುವ ಅಂಶ ಇದೆ. ಅದು ಮೂತ್ರಪಿಂಡ ಹಾಳು ಮಾಡುತ್ತದೆ, ಮೂತ್ರನಾಳದ ಕ್ಯಾನ್ಸರ್‌ಗೂ ಕಾರಣ ಅಂತ ಸಾಬೀತಾಗಿದೆ. ಮಂಡಲದ ವಿಷ ಏರಿದವನಿಗೆ ಅದನ್ನೇ ಕುಡಿಸಿದರೆ ಹೇಗೆ? ಇನ್ನೊಂದು ಸರ್ಪಗಂಧ. ಹೆಸರು ನೋಡಿ ಮೋಸ ಹೋಗುತ್ತಾರೆ. ಅದು ರಕ್ತದೊತ್ತಡ ಇಳಿಸುವ ಬೇರು. ಆಗಲೇ ಒತ್ತಡ ಬಿದ್ದುಹೋದವನಿಗೆ ಅದನ್ನು ಕೊಡುವುದು ಅಂದರೆ ಇನ್ನೂ ಕೆಳಗೆ ತಳ್ಳಿದ ಹಾಗೆ.

ಅಜ್ಜನನ್ನು ತಳ್ಳಿಹಾಕಬೇಡಿ ಮೇಷ್ಟ್ರೇ, ಜೊತೆಗೆ ಕರೆದುಕೊಂಡು ಹೋಗಿ. ಊರವರು ಅವರ ಮಾತು ಕೇಳುತ್ತಾರೆ. ‘ಮೊದಲು ಆಸ್ಪತ್ರೆಗೆ ನಡೀರಿ, ನಾನೂ ಬರ್ತೀನಿ’ ಅಂತ ಅವರ ಬಾಯಲ್ಲಿ ಬಂದರೆ ಸಾಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಆದರೆ ಆಸ್ಪತ್ರೆಯ ಬಾಗಿಲು ಹತ್ತದೆ ಸತ್ತವರು ಯಾವ ಲೆಕ್ಕದಲ್ಲಿ ಬರುತ್ತಾರೆ ಹೇಳಿ.

ಪ್ರಶ್ನೆ: ಮೇಡಂ, ನಾನು ಆಯುರ್ವೇದ ಕಾಲೇಜು ಸೇರಬೇಕು ಅಂತಿದ್ದೇನೆ. ಕೆಟ್ಟ ರಕ್ತ ಹೀರಿಸಲು ಜಿಗಣೆ ಬಿಡುತ್ತಾರಂತೆ. ನಮ್ಮ ತೋಟದಲ್ಲಿ ಮಳೆಗಾಲದಲ್ಲಿ ಕಾಲಿಟ್ಟ ಕಡೆ ಜಿಗಣೆ. ಹಾವು ಕಚ್ಚಿದ ಕಡೆ ಇವನ್ನೇ ಬಿಡಬಹುದಾ?
— ಪಿಯುಸಿ ವಿದ್ಯಾರ್ಥಿ, ಭಾಗಮಂಡಲ

ತಮ್ಮಾ, ಒಳ್ಳೆ ಪ್ರಶ್ನೆ, ಆದರೆ ಬಿಡಬೇಡ. ಚಿಕಿತ್ಸೆಗೆ ಬಳಸುವುದು ಕೆರೆ, ಹೊಂಡದ ನೀರಿನಲ್ಲಿ ಬೆಳೆಯುವ ಜಿಗಣೆ. ನಿಮ್ಮ ತೋಟದಲ್ಲಿ ಸಾಕ್ಸ್ ಒಳಗೆ ನುಗ್ಗುವುದು ನೆಲದ ಜಿಗಣೆ, ಅದು ಬೇರೆ. ಸುಶ್ರುತ 12 ಬಗೆಯ ಜಿಗಣೆ ಹೇಳಿ, 6 ವಿಷದವು, 6 ನಿರ್ವಿಷ ಅಂತ ವಿಂಗಡಿಸಿದ್ದಾನೆ. ಜಿಗಣೆ ಕಚ್ಚುವಾಗ ರಕ್ತ ಹೆಪ್ಪುಗಟ್ಟದ ಹಾಗೆ ಒಂದು ರಸ ಬಿಡುತ್ತದೆ. ಅದಕ್ಕೇ ಅದು ಉದುರಿದ ಮೇಲೂ ನಿನ್ನ ಕಾಲಿನಿಂದ ರಕ್ತ ಹರಿಯುತ್ತಲೇ ಇರುವುದು. ಮಂಡಲ ಕಚ್ಚಿದವನ ರಕ್ತ ಮೊದಲೇ ಹೆಪ್ಪುಗಟ್ಟುತ್ತಿಲ್ಲ. ಅದರ ಮೇಲೆ ಇದನ್ನೂ ಬಿಟ್ಟರೆ?

ನಿನ್ನ ತೋಟದ ಜಿಗಣೆಯಿಂದ ಒಂದು ಉಪಕಾರ ಮಾತ್ರ ಇದೆ. ಹಾವು ಕಚ್ಚಿದ ಮನುಷ್ಯನ ಕಾಲಿನಲ್ಲಿ ಎರಡು ದಿನ ಹಿಂದೆ ಜಿಗಣೆ ಕಚ್ಚಿ ಒಣಗಿದ ಗಾಯದಿಂದ ಮತ್ತೆ ರಕ್ತ ಜಿನುಗಲು ಶುರುವಾದರೆ, ವಿಷ ರಕ್ತಕ್ಕೆ ಏರಿದೆ ಅಂತ ಅರ್ಥ. ಒಸಡಿನಿಂದ ರಕ್ತ ಬರುವುದೂ ಹಾಗೆಯೇ. ಆಸ್ಪತ್ರೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಬೇಕು.

ಪ್ರಶ್ನೆ: ನಮ್ಮ ಕೊಡಗಿನ ಕಕ್ಕಡ ತಿಂಗಳ ಹದಿನೆಂಟಕ್ಕೆ ಮದ್ದು ಸೊಪ್ಪಿನ ಪಾಯಸ ತಿಂದರೆ ವರ್ಷವಿಡೀ ಮೈಗೆ ನಂಜು ಹತ್ತುವುದಿಲ್ಲ ಅಂತ ನಮ್ಮ ಅಜ್ಜಿ ಹೇಳುತ್ತಿದ್ದರು. ಹಾವಿನ ನಂಜಿಗೂ ಇದು ಸರಿಯಾ?
— ಗೃಹಿಣಿ, ಪೊನ್ನಂಪೇಟೆ

ಪಾಯಸ ತಿನ್ನಿ, ನನಗೂ ಕಳಿಸಿ. ನಮ್ಮ ಮನೆಯಲ್ಲಿ ಕಕ್ಕಡ ಹದಿನೆಂಟು ಬೀಳುವ ಆಗಸ್ಟ್ 3ಕ್ಕೆ ಅದಿಲ್ಲದೆ ಆಗುವುದಿಲ್ಲ. ಸೊಪ್ಪು, ದಂಟು ಕುದಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗುವುದನ್ನು ನೋಡಲು ಮಕ್ಕಳು ಒಲೆಯ ಸುತ್ತ ನಿಲ್ಲುತ್ತಾರೆ. ಹೊಟ್ಟೆಯ ಸಣ್ಣಪುಟ್ಟ ತೊಂದರೆಗೆ ಅಜ್ಜಿಯರ ಮಾತು ನಂಬಿ, ಹಾವಿನ ವಿಷಕ್ಕೆ ನಂಬಬೇಡಿ.

ಆ ದಿನಕ್ಕೆ ಒಂದು ಎಚ್ಚರಿಕೆ ಇಟ್ಟುಕೊಳ್ಳಿ. ಮದ್ದು ಸೊಪ್ಪು ತಿಂದವರ ಮೂತ್ರ ಕೆಂಪಾಗುತ್ತದೆ, ನಮಗೆಲ್ಲ ಗೊತ್ತು, ಯಾರೂ ಹೆದರುವುದಿಲ್ಲ. ಮಂಡಲದ ಹಾವು ಕಚ್ಚಿದವರ ಮೂತ್ರವೂ ಕೆಂಪಾಗುತ್ತದೆ. ನಾಟಿ ಗದ್ದೆ, ತೋಟದ ಕೆಲಸ ಎರಡೂ ಇರುವ ತಿಂಗಳು ಅದು. ಕಾಲಿಗೆ ಏನೋ ಚುಚ್ಚಿತ್ತು, ಊದಿದೆ, ಮೂತ್ರ ಕೆಂಪು ಅಂದರೆ ‘ಓ, ಪಾಯಸದ್ದು’ ಅಂತ ಬಿಟ್ಟುಬಿಡಬೇಡಿ.

ಪ್ರಶ್ನೆ: ರೋಬಸ್ಟಾ ಕುಯ್ಲಿನ ಸಮಯದಲ್ಲಿ ನಮ್ಮ ಮನೆಯವರಿಗೆ ಕೊಳಕುಮಂಡಲ ಕಚ್ಚಿ ಆಸ್ಪತ್ರೆಯಲ್ಲಿದ್ದರು. ಡಯಾಲಿಸಿಸ್ ಕೂಡ ಆಯಿತು. ಈಗ ಮನೆಯಲ್ಲಿದ್ದಾರೆ. ಆದರೆ ಪಾದ ಸಂಜೆ ಹೊತ್ತಿಗೆ ಊದುತ್ತದೆ, ಕಚ್ಚಿದ ಕಡೆ ಗಾಯ ಒಣಗಿದ ಹಾಗೆ ಆಗಿ ಮೋಡ ಕವಿದರೆ ಮತ್ತೆ ಒಡೆಯುತ್ತದೆ. ಸುಸ್ತು ಅಂತ ಮಲಗಿಯೇ ಇರುತ್ತಾರೆ. ‘ಒಳಗೆ ನಂಜು ಉಳಿದಿದೆ, ಪಂಚಕರ್ಮ ಮಾಡಿಸಿ’ ಅಂತ ಎಲ್ಲರೂ ಹೇಳುತ್ತಾರೆ. ಮಾಡಿಸಬಹುದಾ ಅಕ್ಕಾ?
— ಸಿದ್ದಾಪುರದ ಓದುಗರು

ತಂಗಿ, ಇಲ್ಲಿ ನನಗೆ ಕೆಲಸ ಇದೆ. ಆದರೆ ಆತುರ ಬೇಡ.

ಒಳಗೆ ಉಳಿದ ನಂಜು ಅಂತ ಜನ ಹೇಳುವುದನ್ನು ಗ್ರಂಥದಲ್ಲಿ ದೂಷೀವಿಷ ಅನ್ನುತ್ತಾರೆ. ಪೂರ್ತಿ ಹೋಗದೆ, ಹಳತಾಗಿ, ಬಲ ಕುಂದಿ ಮೈಯಲ್ಲಿ ಕೂತ ವಿಷ. ಮೂಡಣ ಗಾಳಿ, ಅಜೀರ್ಣ, ಚಳಿ, ಮೋಡ, ಹಗಲು ನಿದ್ದೆ, ಹಿಡಿಸದ ಊಟ, ಇವುಗಳಿಂದ ಅದು ಕೆರಳುತ್ತದೆ ಅಂತ ಅಷ್ಟಾಂಗ ಹೃದಯದಲ್ಲಿದೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ವರ್ಣನೆಯೇ ಅಲ್ವಾ ಇದು! ಅದಕ್ಕೆ ಹೇಳಿದ ಚಿಕಿತ್ಸೆ: ಚೆನ್ನಾಗಿ ಬೆವರಿಸಿ, ಮೇಲಿನಿಂದಲೂ ಕೆಳಗಿನಿಂದಲೂ ಶೋಧನ ಮಾಡಿಸಿ, ಆಮೇಲೆ ದೂಷೀವಿಷಾರಿ ಅಗದವನ್ನು ಜೇನಿನಲ್ಲಿ ನೆಕ್ಕಿಸಬೇಕು. ಹಿಪ್ಪಲಿ, ಜಟಾಮಾಂಸಿ, ಲೋಧ್ರ, ಏಲಕ್ಕಿ, ಜ್ಯೇಷ್ಠಮಧು, ಚಂದನ, ಕಾವಿಮಣ್ಣು ಇಂಥವು ಸೇರಿದ ಮದ್ದು ಅದು.

ಆದರೆ ನಿಮ್ಮವರ ತೊಂದರೆಯೆಲ್ಲ ದೂಷೀವಿಷ ಅಂತ ಹೆಸರಿಟ್ಟು ನಾನು ಕೂತರೆ ತಪ್ಪಾಗುತ್ತದೆ. ವಿಷ ಮಾಡಿ ಹೋದ ಹಾನಿ ಬೇರೆ, ಉಳಿದ ವಿಷ ಬೇರೆ. ಪಾದದ ಊತ ಮೂತ್ರಪಿಂಡದ್ದೂ ಇರಬಹುದು. ಅದಕ್ಕೆ ನನ್ನ ಹತ್ತಿರ ಬರುವ ಮೊದಲು ಕ್ರಿಯಾಟಿನಿನ್, ಮೂತ್ರದಲ್ಲಿ ಪ್ರೋಟೀನ್, ಹಿಮೋಗ್ಲೋಬಿನ್, ರಕ್ತದೊತ್ತಡ ನೋಡಿಸಿ, ಬಿಡುಗಡೆ ಚೀಟಿಯನ್ನೂ ತನ್ನಿ. ಸುಸ್ತಿಗೆ ಇನ್ನೊಂದು ಕಾರಣ ಇದೆ, ಎಷ್ಟೋ ಕಡೆ ತಪ್ಪಿಹೋಗುತ್ತದೆ. ಕೊಳಕುಮಂಡಲದ ವಿಷ ಕೆಲವರಲ್ಲಿ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಗೆ ಪೆಟ್ಟು ಕೊಡುತ್ತದೆ. ತಿಂಗಳುಗಳ ಮೇಲೆ ಸುಸ್ತು, ಚಳಿ ತಡೆಯಲಾಗದಿರುವುದು, ಗಡ್ಡ ಮತ್ತು ಮೈಕೂದಲು ಉದುರುವುದು, ಹೆಂಗಸರಿಗೆ ಮುಟ್ಟು ನಿಲ್ಲುವುದು ಕಾಣುತ್ತದೆ. ಹಾರ್ಮೋನ್ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಮಾತ್ರೆಯಲ್ಲಿ ಸರಿಯಾಗುತ್ತದೆ. ಇದನ್ನು ನಂಜು ಅಂತ ಬೇಧಿ ಮಾಡಿಸಿದರೆ ಮನುಷ್ಯ ಕುಸಿದುಬೀಳುತ್ತಾನೆ. ‘ಹಾವು ಕಚ್ಚಿತ್ತು, ಈಗ ಹೀಗೆ, ಹಾರ್ಮೋನ್ ನೋಡಬೇಕಾ’ ಅಂತ ನಿಮ್ಮ ಫಿಸಿಶಿಯನ್ ಹತ್ತಿರ ನೀವೇ ಬಾಯಿಬಿಟ್ಟು ಕೇಳಿ.

ಎಲ್ಲ ಸರಿ ಇದೆ ಅಂತ ಬಂದರೆ ಮುಂದಿನದು ನೋಡೋಣ. ಇವರಿಗೆ ವಮನ ನಾನು ಮಾಡಿಸುವುದಿಲ್ಲ. ಮಂಡಲದ ವಿಷ ಪಿತ್ತದ ಸ್ವಭಾವದ್ದು, ಅದಕ್ಕೆ ವಿರೇಚನವೇ ದಾರಿ. ಅದೂ ಮಳೆಗಾಲ ಕಳೆದ ಮೇಲೆ, ತುಲಾ ಸಂಕ್ರಮಣ ಆಗಿ ಆಕಾಶ ಬಿಳುಪಾದಾಗ. ಪಿತ್ತಕ್ಕೆ ವಿರೇಚನ ಮಾಡಿಸುವ ಶರದೃತುವೂ ಅದೇ.

ವಿರೇಚನ ಅಂದರೆ ಒಂದು ರಾತ್ರಿ ಬೇಧಿ ಮಾತ್ರೆ ನುಂಗುವುದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲು ಹಸಿವು ಸರಿ ಮಾಡಬೇಕು. ಆಮೇಲೆ 3ರಿಂದ 7 ದಿನ ಬೆಳಗ್ಗೆ ಖಾಲಿ ಹೊಟ್ಟೆಗೆ ಮದ್ದಿನ ತುಪ್ಪ, ದಿನದಿನಕ್ಕೆ ಅಳತೆ ಏರಿಸುತ್ತಾ. ನಮ್ಮ ಚಳಿಯಲ್ಲಿ ಲೋಟದಲ್ಲೇ ತುಪ್ಪ ಕಟ್ಟಿಕೊಳ್ಳುತ್ತದೆ, ಅದಕ್ಕೆ ಬಿಸಿನೀರಿನ ಪಾತ್ರೆಯಲ್ಲಿ ಲೋಟ ಇಟ್ಟು ಕರಗಿಸಿ ಕೊಡುತ್ತೇವೆ. ಮೇಲೆ ಬಿಸಿನೀರು. ಚೆನ್ನಾಗಿ ಹಸಿವಾಗುವವರೆಗೆ ಬೇರೇನೂ ಇಲ್ಲ. ಮೂರನೇ ದಿನದ ಹೊತ್ತಿಗೆ ಮುಖ ಕಿವುಚದವರನ್ನು ನಾನು ನೋಡಿಲ್ಲ. ಮಲದಲ್ಲಿ ಜಿಡ್ಡು ಕಾಣಿಸಿಕೊಂಡು, ಚರ್ಮ ಮೆತ್ತಗಾಗಿ, ತುಪ್ಪ ಕಂಡರೆ ವಾಕರಿಕೆ ಬಂದರೆ ಸಾಕು ಅಂತ ಲೆಕ್ಕ. ಆಮೇಲೆ ಎಣ್ಣೆ ಹಚ್ಚಿ ಹಬೆ. ಗಾಯದ ಕಾಲನ್ನು ಮಾತ್ರ ಹಬೆಗೆ ಇಡುವುದಿಲ್ಲ. ಅದಾದ ಮೇಲೆ ಬೇಧಿಗೆ ತಿಗಡೆ ಬೇರಿನ ಲೇಹ್ಯ. ಎಷ್ಟು ಸಲ ಹೋಯಿತು ಅಂತ ಗೀಟು ಹಾಕಿಕೊಂಡು, ನಾಡಿ ನೋಡುತ್ತಾ ಕೂರಬೇಕು.

ಮುಗಿದ ಮೇಲಿನ ಊಟದಲ್ಲೇ ನಮ್ಮ ಜಿಲ್ಲೆಯವರು ಕೆಡಿಸಿಕೊಳ್ಳುವುದು. ಮೊದಲು ತೆಳು ಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಹೆಸರುಬೇಳೆ ತಿಳಿ, ಹಾಗೇ ಮೆಲ್ಲಗೆ ಮಾಮೂಲಿ ಊಟ. ಎರಡನೇ ದಿನಕ್ಕೇ ನೆಂಟರ ಮನೆ ಮದುವೆ ಬಂತು ಅಂತ ಕಾಚಂಪುಳಿಯ ಹುಳಿ ಹಾಕಿದ ಹಂದಿಮಾಂಸದ ಪಂದಿಕರಿ ತಿಂದು ಬಂದರೆ ನಾನು ಜವಾಬ್ದಾರಳಲ್ಲ.

ಮೂತ್ರಪಿಂಡದ ಲೆಕ್ಕ ಏರುಪೇರಿದ್ದರೆ ಇದ್ಯಾವುದೂ ಇಲ್ಲ. ತುಪ್ಪವೂ ಬೇಡ, ಬೇಧಿಯೂ ಬೇಡ. ಗಾಯ ನೋಡಿಕೊಳ್ಳೋಣ. ತ್ರಿಫಲಾ ಕಷಾಯ ಕಾಯಿಸಿ ಆರಿಸಿ, ಸೋಸಿ ತೊಳೆದು, ಜಾತ್ಯಾದಿ ತೈಲದ ಪಟ್ಟಿ. ಸಂಜೆ ಕಾಲು ದಿಂಬಿನ ಮೇಲೆ. ಗಾಯದ ಸುತ್ತ ಕಪ್ಪಗೆ ಕಟ್ಟಿಕೊಂಡಿದ್ದರೆ, ರಕ್ತ ಹೆಪ್ಪುಗಟ್ಟುವ ಪರೀಕ್ಷೆ ಸರಿ ಬಂದ ಮೇಲೆ, ನೀರಿನ ಜಿಗಣೆ ಬಿಡುವ ಬಗ್ಗೆ ಯೋಚಿಸಬಹುದು. ಭಾಗಮಂಡಲದ ತಮ್ಮನಿಗೆ ಬೇಡ ಎಂದ ಜಿಗಣೆ ನಿಮಗೆ ಯಾಕೆ ಅಂದರೆ, ಅವನು ಕೇಳಿದ್ದು ಕಚ್ಚಿದ ಗಳಿಗೆಯದ್ದು, ನಿಮ್ಮದು ತಿಂಗಳುಗಳು ಕಳೆದ ಹಳೆ ಹುಣ್ಣು. ಗಾಯದೊಳಗೆ ಮೂಳೆ ತಾಕುತ್ತಿದ್ದರೆ, ವಾಸನೆ ಬರುತ್ತಿದ್ದರೆ ಮೊದಲು ಸರ್ಜನ್.

ಪ್ರಶ್ನೆ: ಚೇಳು, ಹೆಜ್ಜೇನು ಕಚ್ಚಿದರೆ ಬಿಲ್ವಾದಿ ಗುಳಿಗೆ ಅರೆದು ಹಚ್ಚಿ, ನಸ್ಯ ಮಾಡಿಸಿದರೆ ಸಾಕಾ?
— ಸುಂಟಿಕೊಪ್ಪದ ಓದುಗರು

ಒಂದೆರಡು ಹುಳ ಕಚ್ಚಿ ಉರಿ, ಊತ ಆದರೆ ಬಿಲ್ವಾದಿ ಗುಳಿಗೆಯನ್ನು ನೀರಿನಲ್ಲಿ ತೇಯ್ದು ಹಚ್ಚಿ, ನಾನೂ ಹಚ್ಚುತ್ತೇನೆ. ಬಿಲ್ವದ ಬೇರು, ತುಳಸಿ, ಹೊಂಗೆ, ತ್ರಿಫಲಾ, ಶುಂಠಿ, ಮೆಣಸು, ಅರಿಸಿನ ಸೇರಿಸಿ ಆಡಿನ ಮೂತ್ರದಲ್ಲಿ ಅರೆದದ್ದು. ಕೇಳಿದವರಿಗೆ ಆ ಕೊನೆಯ ಸಾಮಾನನ್ನೂ ಹೇಳಿಬಿಡುತ್ತೇನೆ. ನಸ್ಯದ ಅಗತ್ಯ ಇಲ್ಲ.

ಹೆಜ್ಜೇನಿನ ವಿಷಯ ಹಗುರ ಅಲ್ಲ. ತುಟಿ ಊದಿ, ಗಂಟಲು ಬಿಗಿದು, ಉಸಿರು ಕಟ್ಟಿದರೆ ಒಂದೇ ಮುಳ್ಳಿಗೂ ಜೀವ ಹೋಗುತ್ತದೆ. ಅದಕ್ಕೆ ಅಡ್ರಿನಲಿನ್ ಚುಚ್ಚುಮದ್ದೇ ಬೇಕು. ಮೈತುಂಬ ಕಚ್ಚಿದ್ದರೆ ಉಸಿರು ಸರಿ ಇದ್ದರೂ ಆಸ್ಪತ್ರೆಗೆ ಹೋಗಿ, ಮೂತ್ರಪಿಂಡ ನೋಡಬೇಕು. ಚೇಳಿನಲ್ಲಿ ದೊಡ್ಡ ಕರಿ ಚೇಳು ನೋವು ಜಾಸ್ತಿ ಕೊಡುತ್ತದೆ, ಅಪಾಯ ಕಡಿಮೆ. ಬಯಲುಸೀಮೆಯ ಸಣ್ಣ ಕೆಂಪು ಚೇಳು ಅಪಾಯದ್ದು. ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ತಡ ಮಾಡಬೇಡಿ. ಮಹಾರಾಷ್ಟ್ರದ ಮಹಾಡ್ ಊರಿನ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಮಾತ್ರೆ ಕೊಟ್ಟು ಎಷ್ಟೋ ಜೀವ ಉಳಿಸಿದರು. ರಕ್ತದೊತ್ತಡಕ್ಕೆ ಕೊಡುವ ಸಾದಾ ಮಾತ್ರೆ ಅದು.

ಪ್ರಶ್ನೆ: ಮಗನಿಗೆ ಬೀದಿನಾಯಿ ಕಚ್ಚಿ ಐದು ದಿನ ಆಯಿತು. ನಂಜು ಏರದ ಹಾಗೆ ಬೇಧಿ ಮಾಡಿಸಿ, ಮದ್ದುಗುಣಿಕೆ ಬೀಜದ ಮದ್ದು ಕೊಡಿಸಿ, ಉಪ್ಪು ಖಾರ ಬಿಟ್ಟು ಪಥ್ಯ ಮಾಡಿಸುತ್ತಿದ್ದೇವೆ. ಇಂಜೆಕ್ಷನ್ ಬೇಕಾ?
— ಕುಶಾಲನಗರ

ಪತ್ರದಲ್ಲಿ ಫೋನ್ ನಂಬರ್ ಇತ್ತು, ಓದಿದ ಕೂಡಲೇ ಮಾತಾಡಿದ್ದೇನೆ. ಉಳಿದವರಿಗಾಗಿ ಇಲ್ಲಿ ಹಾಕುತ್ತಿದ್ದೇನೆ.

ಬೇಕು. ಐದು ದಿನ ತಡವಾಗಿದ್ದರೂ ಬೇಕು. ಕಚ್ಚಿದ ಕೂಡಲೇ ಗಾಯವನ್ನು ನಲ್ಲಿ ನೀರಿನ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆಯಬೇಕು. ಆಮೇಲೆ ರೇಬೀಸ್ ಲಸಿಕೆ. ತೋಳಿನ ಮಾಂಸಕ್ಕೆ ಕೊಡುವ ಕ್ರಮವಾದರೆ ಮೊದಲ ದಿನ, ಆಮೇಲೆ 3, 7, 14, 28ನೇ ದಿನ. ಚರ್ಮದೊಳಗೆ ಕೊಡುವ ಕ್ರಮವಾದರೆ 14ನೇ ದಿನದ್ದು ಇರುವುದಿಲ್ಲ. ರಕ್ತ ಬಂದ ಗಾಯವಾದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ ಅನ್ನುವ ಚುಚ್ಚುಮದ್ದು ಕೂಡ. ಮದ್ದುಗುಣಿಕೆಯನ್ನು ಇವತ್ತೇ ನಿಲ್ಲಿಸಿ, ಮಕ್ಕಳಿಗೆ ಅದೇ ವಿಷ. ಹುಚ್ಚುನಾಯಿ ಕಡಿತಕ್ಕೆ ಸುಶ್ರುತನೂ ಬೇಧಿ, ಮದ್ದುಗುಣಿಕೆ ಹೇಳಿದ್ದಾನೆ, ನಿಜ. ಅದೇ ಅಧ್ಯಾಯದಲ್ಲಿ, ನೀರು ಕಂಡರೆ ಹೆದರುವ ಹಂತಕ್ಕೆ ಬಂದವನು ಉಳಿಯುವುದಿಲ್ಲ ಅಂತಲೂ ಬರೆದಿದ್ದಾನೆ. ಇವತ್ತಿಗೂ ಆ ಹಂತಕ್ಕೆ ಮದ್ದಿಲ್ಲ. ಅದಕ್ಕೆ ಮೊದಲು ಲಸಿಕೆ ಇದೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುತ್ತಾರೆ. ಪಥ್ಯ ಬಿಡಿಸಿ, ಹುಡುಗನಿಗೆ ಹೊಟ್ಟೆ ತುಂಬ ಊಟ ಹಾಕಿ.